ಇಪ್ಪತ್ತಮೂರರ ಕೊಂಡಿ

ಇಪ್ಪತ್ತನಾಲ್ಕನೆಯ ಸಾಲಿನ ಕೊಂಡಿ ಬದಲಾಗಿತ್ತು. ದಾಕ್ಷಾಯಣಿ ಕನ್ನಡಕ ಒರೆಸಿಕೊಂಡು ಮತ್ತೆ ಕಂಪ್ಯೂಟರ್ ನೋಡಿದಳು. ಗುಬ್ಬಿ ಹತ್ತಿರದ ಕಡಬದಲ್ಲಿ ಅವರ ಕಂಪನಿ ಕಟ್ಟುತ್ತಿದ್ದ ಸಮುದಾಯ ಭವನದ ಕೆಲಸಗಳಿಗೆಲ್ಲ ನಂಬರು ಹಾಕಿ, ಯಾವುದಾದ ಮೇಲೆ ಯಾವುದು ಎಂದು ಪೋಣಿಸಿಟ್ಟವಳು ಅವಳೇ. ಇಪ್ಪತ್ತೆರಡು, ಚಾವಣಿಯ ಮೋಲ್ಡು ಹಾಕುವುದು. ಇಪ್ಪತ್ತಮೂರು, ಕಾಂಕ್ರೀಟು ಗಟ್ಟಿಯಾಗಿದೆಯೆಂದು ಲ್ಯಾಬಿನಿಂದ ರಿಪೋರ್ಟು ಬರುವುದು. ಅದು ಬಂದಮೇಲಷ್ಟೇ ಇಪ್ಪತ್ತನಾಲ್ಕು, ಮೋಲ್ಡಿನ ಕೆಳಗೆ ಆಸರೆಗೆ ಕೊಟ್ಟ ಸೆಂಟ್ರಿಂಗ್ ಬಿಚ್ಚುವುದು. ಈಗ ಇಪ್ಪತ್ತನಾಲ್ಕು ರಿಪೋರ್ಟನ್ನು ದಾಟಿ ನೇರವಾಗಿ ಇಪ್ಪತ್ತೆರಡಕ್ಕೆ ತಗಲಿಕೊಂಡಿತ್ತು. ಬಿಚ್ಚುವ ತಾರೀಖು ಇವತ್ತಿಗೇ ಬಂದು ಕೂತಿತ್ತು.

ನಡುವೆ ಹೊಸ ಸಾಲು ಸೇರಿಸಿದರೆ ಕೆಳಗಿನ ನಂಬರುಗಳು ಜರುಗುತ್ತವೆ, ಕೊಂಡಿಗಳೂ ಜೊತೆಗೇ ಜರುಗುತ್ತವೆ. ತಾವಾಗಿ ಕಳಚಿಕೊಳ್ಳುವುದಿಲ್ಲ. ಯಾರೋ ಕೈಯಾಡಿಸಿದ್ದರು. ಅದೂ ನಿನ್ನೆ, ಅವಳು ನಾದಿನಿಯ ನಿಶ್ಚಿತಾರ್ಥಕ್ಕೆಂದು ಕುಣಿಗಲ್ಲಿಗೆ ಹೋಗಿದ್ದಾಗ, ಅವಳದೇ ಹೆಸರಿನ ಲಾಗಿನ್‌ನಲ್ಲಿ.

ಅವಳನ್ನು ಬಿಟ್ಟರೆ ಪಾಸ್‌ವರ್ಡು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ಮ್ಯಾನೇಜರ್ ವೆಂಕಟರಂಗಯ್ಯ. ಇನ್ನೊಬ್ಬ ಕಡಬದ ಸೈಟ್ ಇಂಜಿನಿಯರ್ ರಂಗನಾಥ್.

"ಸರ್, ಕಡಬದ ಶೆಡ್ಯೂಲ್ ಯಾರಾದ್ರೂ ಮುಟ್ಟಿದ್ರಾ?"

"ನಂಗೇನ್ ಗೊತ್ತಮ್ಮ ಅದೆಲ್ಲ?" ವೆಂಕಟರಂಗಯ್ಯ ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ರಂಗನಾಥನ್ನ ಕೇಳು. ದಿನಾ ಅವಸರ ಮಾಡ್ತಿದ್ದೋನು ಅವ್ನೇ."

ಅದೇನೋ ನಿಜ. 'ರಿಪೋರ್ಟ್ ಯಾವಾಗ ಬರುತ್ತೆ ಮೇಡಂ' ಎಂದು ಹೋದ ವಾರವೆಲ್ಲ ಅವನು ತಲೆ ತಿಂದಿದ್ದ. ಈಗ ಫೋನು ಮಾಡಿದರೆ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ದಾಕ್ಷಾಯಣಿ ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿ ಸ್ಕೂಟಿ ಹತ್ತಿದಳು. ಗುಬ್ಬಿ ದಾಟುವಷ್ಟರಲ್ಲಿ ಅವನ ನಯವಾದ ಮಾತು, ಕೇಳದೆಯೇ ಟೀ ತರಿಸಿಕೊಡುವ ಉಪಚಾರ, ಎಲ್ಲಕ್ಕೂ ಬೇರೆಯದೇ ಬಣ್ಣ ಬಂದಿತ್ತು. ಮೋಲ್ಡಿನಡಿ ಆಳುಗಳು ಓಡಾಡುತ್ತಿರುತ್ತಾರೆ ಎಂಬುದು ನೆನಪಾಗಿ ಇನ್ನಷ್ಟು ಜೋರಾಗಿ ಗಾಡಿ ಓಡಿಸಿದಳು.

ಸೈಟಿನಲ್ಲಿ ಸೆಂಟ್ರಿಂಗಿನ ಹಲಗೆಗಳು, ಅವುಗಳಿಗೆ ಆನಿಸಿದ ಕಬ್ಬಿಣದ ಜಾಕುಗಳು ಹಾಗೆಯೇ ನಿಂತಿದ್ದವು. ಆಳುಗಳು ಹೊಂಗೆ ಮರದಡಿ ಕೂತಿದ್ದರು. ಭವನದ ಬಾಗಿಲಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದ ರಂಗನಾಥ್ ಅವಳನ್ನು ಕಂಡು ಎದ್ದ. ಎಂದಿನಂತೆ ನಗಲಿಲ್ಲ.

"ನಿಂತು ಬಿಚ್ಚಿಸೋಕೆ ಬಂದ್ರಾ ಮೇಡಂ?"

"ಏನಂದ್ರಿ?"

"ಹೊಸ ಶೆಡ್ಯೂಲ್ ನಿಮ್ಮ ಹೆಸ್ರಲ್ಲೇ ಬಂತು. ಬೆಳಿಗ್ಗೆಯಿಂದ ವೆಂಕಟರಂಗಯ್ಯೋರ ಫೋನು. 'ದಾಕ್ಷಾಯಣೀನೇ ಓಕೆ ಮಾಡವ್ಳೆ, ಬಿಚ್ಸು, ಭಾನುವಾರ ಓನರ್ ಸಾಹೇಬ್ರು ನೋಡೋಕೆ ಬರ್ತಾರೆ' ಅಂತ. ರಿಪೋರ್ಟ್ ಬರ್ದೆ ಒಂದ್ ಜಾಕೂ ಮುಟ್ಟಲ್ಲ ಅಂದ್ಬುಟ್ಟೆ. ನೀವೂ ಅದ್ನೇ ಹೇಳ್ತೀರಾ ಅಂತ ನಿಮ್ಮ ಫೋನ್ ಎತ್ಲಿಲ್ಲ."

ದಾಕ್ಷಾಯಣಿಗೆ ಸಿಟ್ಟು ಬಂತೋ ನಾಚಿಕೆಯಾಯಿತೋ, ಕಿವಿ ಬಿಸಿಯಾಯಿತು. ಸಿಮೆಂಟ್ ಚೀಲಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು ಇಪ್ಪತ್ತನಾಲ್ಕನ್ನು ಮತ್ತೆ ಇಪ್ಪತ್ತಮೂರಕ್ಕೆ ಕಟ್ಟಿದಳು. ಬಿಚ್ಚುವ ತಾರೀಖು ಭಾನುವಾರವನ್ನು ಹಾರಿ ಆಚೆಗೆ ಹೋಯಿತು. ಕಂಪನಿಯ ಮಾಲೀಕರಿಗೂ ಸೇರಿಸಿ ಎಲ್ಲರಿಗೂ ಕಳಿಸಿದಳು.

ಸ್ವಲ್ಪ ಹೊತ್ತಿಗೇ ವೆಂಕಟರಂಗಯ್ಯನವರ ಫೋನು ಬಂತು.

"ಸರಿಯಾಗಿದ್ದ ಕೊಂಡೀನ ಯಾಕಮ್ಮ ಬದಲಾಯಿಸ್ದೆ?"

"ನಿಮ್ಗೆ ಅದೆಲ್ಲ ಗೊತ್ತಿಲ್ಲ ಅಂದಿದ್ರಲ್ಲ ಸರ್."

"ನಾಳೆ ನಿನ್ನ ಟೇಬಲ್ ಖಾಲಿ ಮಾಡ್ಕೊಂಡು ಬಂದು ನನ್ನ ಕಾಣು," ಎಂದು ಅವರು ಲೈನು ಕಟ್ ಮಾಡಿದರು.

"ಏನಂದ್ರು?" ರಂಗನಾಥ್ ಕೇಳಿದ.

ಅವಳು ಏನಿಲ್ಲವೆಂದು ತಲೆಯಾಡಿಸಿ ಹೊಸ ಪಾಸ್‌ವರ್ಡು ಹಾಕಲು ಕೂತಳು. ಬೆರಳು ಕೀಬೋರ್ಡಿನ ಮೇಲಿಟ್ಟವಳು ಒಂದು ಗಳಿಗೆ ತಡೆದು, ಅವನಿಗೆ ಕಾಣದ ಹಾಗೆ ಲ್ಯಾಪ್‌ಟಾಪನ್ನು ಪಕ್ಕಕ್ಕೆ ತಿರುಗಿಸಿಕೊಂಡಳು. ರಂಗನಾಥ್ ಅದನ್ನು ನೋಡಿದ. ತಾನಾಗಿ ಊರ ಕೆರೆಯ ಕಡೆಗೆ ಮುಖ ಮಾಡಿ ನಿಂತ.

ಮೋಲ್ಡಿನ ಮೇಲೆ ಕೂಲಿಯ ಗಿರಿಯಮ್ಮ ಪೈಪು ಎಳೆಯುತ್ತ, ಕಾಂಕ್ರೀಟು ಒಣಗದಂತೆ ಹಾಸಿದ್ದ ಗೋಣಿತಾಟುಗಳಿಗೆ ನೀರು ಬಿಡುತ್ತಿದ್ದಳು. ತುಂಬಿದ ನೀರು ಅಂಚಿನಿಂದ ಇಳಿದು, ಒಂದು ಜಾಕನ್ನು ಹಿಡಿದು ಮೆಲ್ಲಗೆ ನೆಲಕ್ಕೆ ಹರಿಯುತ್ತಿತ್ತು.