ಒಲೆಗೆ ಹಾಕಿದ ಚೀಟಿ

ಪೊಲೀಸ್ ಜೀಪು ಕಾಪು ಪೇಟೆಗೆ ಬಂದಿದೆ ಎಂದು ಕೇಳಿದ ಕೂಡಲೇ ನಾನು ಮುದ್ದಣ್ಣನ ಚೀಟಿಯನ್ನು ಕಿತ್ತು ಚಹಾದ ಒಲೆಗೆ ಹಾಕಿದೆ.

ಅದು ೧೯೭೯. ಕಡಲಲ್ಲೇ ಮೀನಿನ ಹಿಂಡನ್ನೆಲ್ಲ ಬಾಚಿಕೊಳ್ಳುವ ಪರ್ಸೀನ್ ಬೋಟುಗಳು ಬಂದು, ದಡದಲ್ಲಿ ನಿಂತು ರಂಪಣಿ ಬಲೆ ಎಳೆಯುವವರಿಗೆ ಮೀನಿಲ್ಲದಂತಾದ ಕಾಲ. ಬೆಂಜಮಿನ್ ಮಾಸ್ಟ್ರು ಒಣಮೀನಿನ ಹಳೆಯ ಗೋದಾಮಿನಲ್ಲಿ ಮ್ಯೂಸಿಯಂ ಮಾಡಿದ್ದರು. ಬೋಟುಗಳ ವಿರುದ್ಧ ಮೆರವಣಿಗೆ ಮುಗಿದ ದಿನವೇ ಅದರ ಹಲಗೆ, ಚಿತ್ರ ಅಲ್ಲಿಗೆ ಬರಬೇಕು. ತಂದವರ ಹೆಸರು, ಬಂದ ಗಂಟೆ, ಹೋದ ಗಂಟೆ, ಅವರು ಹೇಳಿದ ಕಥೆ ಎಲ್ಲವನ್ನೂ ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಅಂಟಿಸಬೇಕು. ಗುಡಿಸುವುದು, ಚಹಾ ಮಾಡುವುದು ನನ್ನ ಕೆಲಸ.

ಹಿಂದಿನ ಸಂಜೆ ಐದಕ್ಕೆ ರಂಪಣಿ ಎಳೆಯುವ ಮುದ್ದಣ್ಣ ಮೆರವಣಿಗೆಯಿಂದ ತಂದದ್ದು ಹರಿದ ಹಾಯಿಬಟ್ಟೆ. ಬೋಟೊಂದು ಬಾಯಿ ತೆರೆದು ಇಡೀ ದಡವನ್ನು ನುಂಗುವ ಚಿತ್ರ ಬರೆದಿದ್ದ; ಏಳರವರೆಗೂ ಕೂತು ಕಥೆ ಹೇಳಿದ. ಅದೇ ಸಂಜೆ ಆರಕ್ಕೆ ಮಲ್ಪೆಯಲ್ಲಿ ಒಂದು ಬೋಟಿಗೆ ಬೆಂಕಿ ಬಿತ್ತು. ಚಿತ್ರ ಬರೆದವನೇ ಬೆಂಕಿ ಇಟ್ಟವನು ಎಂದು ಪೊಲೀಸರ ಗುಮಾನಿ.

ಎಸ್ಸೈ ಒಳಗೆ ಬಂದರು. ಹಿಂದೆ ಇಬ್ಬರು ಪೇದೆಗಳ ನಡುವೆ ಮುದ್ದಣ್ಣ. ಊರಲ್ಲಿ ಯಾರೋ ಹೆಸರು ಹೇಳಿಬಿಟ್ಟಿದ್ದರು.

“ನಿನ್ನೆ ಆರಕ್ಕೆ ಇಲ್ಲೇ ಇದ್ದೆ ಅಂತಾನೆ. ಬರೆದಿಟ್ಟದ್ದು ಉಂಟಂತೆ. ಎಲ್ಲಿ?”

ಮಾಸ್ಟ್ರು ಬಟ್ಟೆಯ ಪಕ್ಕದ ಖಾಲಿ ಜಾಗ ನೋಡಿದರು. ಆಮೇಲೆ ನನ್ನನ್ನು.

“ಇದ್ದದ್ದು ಹೌದು ಸರ್, ನಾನೇ ಬರೆದದ್ದು,” ಎಂದರು.

“ನೀವೆಲ್ಲ ಅವರ ಕಡೆಯವರು ಮಾಸ್ಟ್ರೇ. ಬರಹ ತೋರಿಸಿ.”

“ನಾನು ಸುಟ್ಟೆ,” ಎಂದೆ. “ಹೆಸರು ನಿಮಗೆ ಸಿಗಬಾರದು ಅಂತ.”

“ಭಾರಿ ಬುದ್ಧಿವಂತೆ.” ಎಸ್ಸೈ ಮುದ್ದಣ್ಣನ ಕಡೆ ತಿರುಗಿದರು. “ನಡಿ ಮಾರಾಯ, ಜೀಪು ಹತ್ತು.”

“ಅವನು ಹೇಳಿದ್ದು ನನಗೆ ಬಾಯಿಪಾಠ ಉಂಟು. ಅವನನ್ನು ಹೊರಗೆ ನಿಲ್ಲಿಸಿ ನನ್ನನ್ನು ಕೇಳಿ. ಮತ್ತೆ ಅವನನ್ನು ಕೇಳಿ.”

“ಮೊದಲೇ ಮಾತಾಡಿಕೊಂಡಿರ್ತೀರಿ.”

“ಮಾತಾಡಿಕೊಂಡಿದ್ದರೆ ಚೀಟಿ ಸುಡ್ತಿದ್ದೆನಾ ಸರ್?”

ಎಸ್ಸೈ ಬೆಂಚಿನ ಮೇಲೆ ಕೂತರು. ಮುದ್ದಣ್ಣನನ್ನು ಹೊರಗೆ ಕರೆದೊಯ್ದರು.

ನಾನು ಹೇಳಿದೆ: ಎಂಬತ್ತು ಜನ ಎಳೆದ ಬಲೆಯಲ್ಲಿ ಅರ್ಧ ಬುಟ್ಟಿ ಬಂಗುಡೆ. ಪಾಲು ಮಾಡುವ ಹಾಗಿಲ್ಲ. ಚಿಕ್ಕ ಮಕ್ಕಳಿರುವ ಮನೆಗಳಿಗೆ ಕೊಡುವುದೆಂದು ಎಲ್ಲರೂ ಒಪ್ಪಿದರು.

“ಇದು ಊರಿಗೇ ಗೊತ್ತಿರುವ ಸಂಗತಿ,” ಎಂದರು ಎಸ್ಸೈ.

ಇನ್ನೊಂದು ಮಾತಿತ್ತು. ಅದನ್ನು ಹೇಳಿ ಮುದ್ದಣ್ಣ ತಲೆ ತಗ್ಗಿಸಿದ್ದ; ಇದೊಂದು ಬರೆಯಬೇಡಿ ಎಂದಿದ್ದ. ಮಾಸ್ಟ್ರು ಬರೆದಿರಲಿಲ್ಲ. ನಾನು ತಗ್ಗಿದ ಸ್ವರದಲ್ಲಿ ಅದನ್ನೂ ಹೇಳಿದೆ.

ಮುದ್ದಣ್ಣನನ್ನು ಒಳಗೆ ತಂದರು. ಅಷ್ಟರಲ್ಲಿ ಬಾಗಿಲಲ್ಲಿ ಅವನ ಜೊತೆ ಬಲೆ ಎಳೆಯುವವರೆಲ್ಲ ಸೇರಿದ್ದರು.

“ನಿನ್ನೆ ಇಲ್ಲಿ ಎಂತ ಹೇಳಿದೆ?”

ಬಲೆ, ಎಂಬತ್ತು ಜನ, ಅರ್ಧ ಬುಟ್ಟಿ, ಮಕ್ಕಳ ಮನೆ. ಅಲ್ಲಿಗೆ ನಿಲ್ಲಿಸಿದ.

“ಮತ್ತೆ?”

ಅವನು ಬಾಗಿಲ ಕಡೆ ನೋಡಿದ. “ಅಷ್ಟೇ ಸರ್.”

ಎಸ್ಸೈ ಎದ್ದು ಟೋಪಿ ಹಾಕಿಕೊಂಡರು.

“ಹೇಳು ಮುದ್ದಣ್ಣ,” ಎಂದೆ.

“ನೀವು ಸುಮ್ಮನಿರಿ,” ಎಂದು ಎಸ್ಸೈ ಗದರಿದರು. ಪೇದೆ ಅವನ ತೋಳು ಹಿಡಿದ.

“ಆ ಬುಟ್ಟಿಯಿಂದ ಒಂದು ಬಂಗುಡೆ ಹೆಗಲ ಬೈರಾಸಿನಲ್ಲಿ ಕಟ್ಟಿಕೊಂಡು ಹೋದೆ,” ಎಂದ ಮುದ್ದಣ್ಣ. “ಯಾರಿಗೂ ಹೇಳದೆ. ಹೆಂಡತಿಗೆ ಜ್ವರ ಇತ್ತು.”

ನಾನು ಹೇಳಿದ್ದೂ ಅದೇ ಮಾತು. ಎಸ್ಸೈ ನನ್ನತ್ತ ನೋಡಿ, ಪೇದೆಗೆ ಕೈ ಬಿಡುವಂತೆ ಸನ್ನೆ ಮಾಡಿದರು.

ಬಾಗಿಲಲ್ಲಿದ್ದವರು ದಾರಿ ಬಿಟ್ಟರು. ಮುದ್ದಣ್ಣ ನನ್ನ ಮುಖ ನೋಡದೆ ಮೆಟ್ಟಿಲಿಳಿದ. ಮನೆಯ ಕಡೆಗೇ ಹೋದನಲ್ಲ, ಅಷ್ಟು ಸಾಕು ಎಂದುಕೊಂಡು ನಾನು ಎಸ್ಸೈಗೆ ಚಹಾ ಸೋಸಿದೆ.