ಚೌಕುಳಿ ಕರವಸ್ತ್ರ

ಸೊರ್ರ್... ಹುಡುಗಿ ಮತ್ತೆ ಒಳಗೆಳೆದುಕೊಂಡಳು.

ಗುಡ್ರುನ್ ಕೈಯಲ್ಲಿದ್ದ ಬ್ರೆಡ್ಡು ಬಾಯಿಗೆ ಹೋಗದೆ ನಿಂತಿತು. ಓದಲೆಂದು ಜಪಾನಿನಿಂದ ಬಂದ ಚಿಹಾರು ಇವರ ಮನೆ ಸೇರಿ ಒಂದು ವಾರವಾಗಿತ್ತು. ಬರ್ಚ್ ಮರಗಳು ಹೂ ಬಿಡುವ ಕಾಲ, ಗಾಳಿ ತುಂಬ ಅವುಗಳ ಪರಾಗ. ಅವಳ ಮೂಗು ಸೋರುತ್ತಲೇ ಇತ್ತು. ಸೋರಲಿ, ಗಂಡ ರೋಲ್ಫನಿಗೂ ಅದೇ ಕಾಟ. ಆದರೆ ಊಟದ ಮೇಜಿನಲ್ಲಿ ಕೂತು ಸಿಂಬಳವನ್ನು ಗಂಟಲಿಗೆಳೆದು ನುಂಗುವುದೇ? ಜರ್ಮನಿಯ ಈ ಗೋಟಿಂಗೆನ್ನಿನಲ್ಲಿ ಶಿಶುವಿಹಾರದ ಮಗು ಕೂಡ ಬೈಸಿಕೊಳ್ಳುವ ಕೆಲಸ ಅದು.

"ಮೂಗು ಸೀಟ್ಕೋ ಚಿಹಾರು. ನಾಚಿಕೆ ಯಾಕೆ? ಟಿಶ್ಯೂ ನಿನ್ನ ಮುಂದೇನೇ ಇದೆ."

"ಪರವಾಗಿಲ್ಲ, ಮಿಸೆಸ್ ಬೆರೆಂಟ್. ಥ್ಯಾಂಕ್ಸ್."

ಪೊಟ್ಟಣವನ್ನು ಮೊದಲ ದಿನ ಇಟ್ಟಿದ್ದು, ಇನ್ನೂ ಒಡೆದಿರಲಿಲ್ಲ. ಈ ಗೊರಗೊರ, ತಟ್ಟೆಯಲ್ಲಿ ಅರ್ಧ ಬಿಡುವುದು, ಊಟವಾದೊಡನೆ ಬಚ್ಚಲಲ್ಲಿ ನೀರು ಪೋಲು ಮಾಡುವುದು, ಎಲ್ಲವನ್ನೂ ಗುಡ್ರುನ್ ಬೆಳಿಗ್ಗೆ ವಿಶ್ವವಿದ್ಯಾಲಯದ ಕಚೇರಿಗೆ ಹೇಳಿ, ಇವಳನ್ನು ಕರೆದುಕೊಂಡು ಹೋಗಿ ಎಂದಿದ್ದಳು. "ಬೇರೆ ಮನೆ ಖಾಲಿ ಇಲ್ಲ. ನೀವು ಬಿಟ್ರೆ ಅವಳು ಊರಿಗೆ ವಾಪಸ್ ಹೋಗ್ಬೇಕಾಗುತ್ತೆ. ಯೋಚ್ನೆ ಮಾಡಿ, ಸಂಜೆ ಫೋನ್ ಮಾಡ್ತೀನಿ" ಎಂದಿದ್ದಳು ಅಲ್ಲಿಯವಳು.

"ಮುಖ ಯಾಕೆ ಗಂಟು ಹಾಕ್ಕೊಂಡಿದೀಯ? ಉಪ್ಪಿನ ಸೌತೆ ಹುಳಿ ಆಯ್ತಾ?" ಎಂದು ರೋಲ್ಫ್ ಹೆಂಡತಿಯನ್ನು ನೋಡಿ ನಕ್ಕ. ನಕ್ಕಿದ್ದೇ ಅವನ ಮೂಗೂ ಕೆರಳಿತು. ಪ್ಯಾಂಟಿನ ಜೇಬಿನಿಂದ ನೀಲಿ ಚೌಕುಳಿಯ ಕರವಸ್ತ್ರ ಎಳೆದು, ಕಹಳೆ ಊದಿದ ಹಾಗೆ ಎರಡು ಸಲ ಸೀಟಿದ. ಬಟ್ಟೆ ಬಿಡಿಸಿ ಬಂದದ್ದನ್ನು ಒಮ್ಮೆ ನೋಡಿಕೊಂಡು, ಮಡಚಿ, ಜೇಬಿಗೆ ತುರುಕಿದ. ಅದೇ ಬೆರಳುಗಳಿಂದ ಚೀಸ್ ತುಂಡೊಂದನ್ನು ಎತ್ತಿ ಹುಡುಗಿಯ ತಟ್ಟೆಗೆ ಹಾಕಿದ.

"ತಗೋ ಮರಿ, ಇದು ಚೆನ್ನಾಗಿರುತ್ತೆ."

ಚಿಹಾರು ಚೀಸನ್ನು ನೋಡಲಿಲ್ಲ. ಅವನ ಹೆಬ್ಬೆರಳನ್ನು ನೋಡುತ್ತಿದ್ದಳು. ಅವಳ ನೋಟದ ಹಿಂದೆಯೇ ಗುಡ್ರುನ್ ನೋಟವೂ ಹೋಯಿತು. ಹೆಬ್ಬೆರಳ ಮೇಲೆ ಒದ್ದೆ ಗೆರೆಯೊಂದು ದೀಪಕ್ಕೆ ಹೊಳೆಯುತ್ತಿತ್ತು.

"ತುಂಬಾ ರುಚಿಯಾಗಿತ್ತು" ಎಂದು ಹುಡುಗಿ ಚಾಕು, ಫೋರ್ಕುಗಳನ್ನು ಜೋಡಿಸಿಟ್ಟು ಎದ್ದಳು. ಬಚ್ಚಲ ಬಾಗಿಲು ಹಾಕಿಕೊಂಡಿತು. ನಲ್ಲಿ ಪೂರ್ತಿ ತೆರೆದ ಸದ್ದು. ಆ ಸದ್ದಿನ ಅಡಿಯಲ್ಲಿ, ಯಾರಿಗೂ ಕೇಳಬಾರದೆಂಬಂತೆ, ಮೆಲ್ಲಗೆ ಮೂಗು ಸೀಟಿದ ಸದ್ದು. ಆಮೇಲೆ ನಲ್ಲಿ ನಿಂತಿತು. ದಿನಾ ನೀರು ಪೋಲಾಗುತ್ತಿದ್ದುದು ಈ ಸದ್ದನ್ನು ಮುಚ್ಚಲು.

"ನೋಡ್ದ್ಯಾ, ಮುಟ್ಲೇ ಇಲ್ಲ! ನಮ್ಮ ಊಟ ಕಂಡ್ರೆ ಅವಳಿಗೆ ಅಸಹ್ಯ ಕಣೇ" ಎಂದ ರೋಲ್ಫ್, ಚೀಸನ್ನು ತಾನೇ ಬಾಯಿಗೆ ಹಾಕಿಕೊಂಡು ಬೆರಳು ಚೀಪಿದ.

ಗುಡ್ರುನ್ ತನ್ನ ತಟ್ಟೆಯನ್ನು ಆಚೆ ಸರಿಸಿದಳು. ಫೋನು ಬಡಿದುಕೊಂಡಿತು.

"ಅವ್ರೇ ಇರ್ಬೇಕು. ಕರ್ಕೊಂಡು ಹೋಗಿ ಅಂತ ಹೇಳ್ಬಿಡು ಇವತ್ತೇ."

"ಹುಡುಗಿ ಇಲ್ಲೇ ಇರ್ಲಿ. ಬೆಳಿಗ್ಗೆ ನಾನು ಹೇಳಿದ್ದನ್ನ ಬಿಟ್ಬಿಡಿ" ಎಂದು ಕಚೇರಿಯವಳಿಗೆ ಹೇಳಿ ಫೋನಿಟ್ಟು, ಗುಡ್ರುನ್ ರೋಲ್ಫನತ್ತ ಕೈಚಾಚಿದಳು. "ಅದನ್ನ ಕೊಡಿಲ್ಲಿ."

"ಯಾವ್ದನ್ನ?"

"ಜೇಬಲ್ಲಿರೋದನ್ನ."

ಮೂವತ್ತು ವರ್ಷ ತೊಳೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಹಾಕಿ ಅವಳೇ ಎತ್ತಿಟ್ಟ ಬಟ್ಟೆ. ಇನ್ನೂ ಬೆಚ್ಚಗಿತ್ತು. ಅದರ ಒಂದು ತುದಿಯನ್ನು ಎರಡು ಉಗುರುಗಳ ನಡುವೆ ಹಿಡಿದು, ತೋಳನ್ನು ಮೈಯಿಂದ ದೂರ ಚಾಚಿ, ಗುಡ್ರುನ್ ಅಡಿಗೆಮನೆಯ ನಡುವೆ ನಿಂತಳು.