ಬ್ಲಾಕಿಗೊಂದು ಪಾದ

“ಅವ್ವಾ, ನಿನ್ನ ಮಿಷಿನ್ ಕೋಣ್ಯಾಗ ಹಿಡಿಯಂಗಿಲ್ಲ,” ಎಂದಳು ಸೌಂದರ್ಯ, ಮೊಬೈಲಿನಿಂದ ತಲೆ ಎತ್ತದೆ.

ರೇಣುಕಾ ಆಗಷ್ಟೇ ಹೊಸ್ತಿಲು ದಾಟಿದ್ದಳು. ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಬೆಳಗಿನಿಂದ ಪ್ಯಾಂಟಿನ ಕಾಲುಗಳಿಗೆ ಹೊಲಿಗೆ ಹಾಕಿ ಹಾಕಿ ಸೊಂಟ ಹಿಡಿದುಹೋಗಿತ್ತು. ಮೈಮೇಲೆಲ್ಲ ನೀಲಿ ಧೂಳು. ನೀರು ಬೇಕೇನು ಎಂದು ಕೇಳುವುದು ಬಿಟ್ಟು ಈ ಹುಡುಗಿ ಇದೇನು ಅಪಶಕುನ ನುಡಿಯುತ್ತಿದ್ದಾಳೆ ಎಂದು ರೇಗಿತು. ಆದರೆ ರೇಗುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ. ಗೋಡೆಗೆ ಬೆನ್ನು ಕೊಟ್ಟು ಕುಸಿದು ಕುಳಿತಳು.

ಕುರುಗೋಡಿನ ಅಂಚಿನಲ್ಲಿ ಅವಳ ಹೆಸರಿಗೆ ಒಂದು ಸೈಟು ಬಂದಿತ್ತು. ಸೋಮವಾರ ಪಾಯದ ಪೂಜೆ. ಗಂಡ ರಾಮಾಂಜಿನಿ ಆಟೋ ಓಡಿಸುವವನು. ನಾಲ್ಕು ಜನ ಬಂದರೆ ಕೂರಿಸಲು ದೊಡ್ಡ ಹಾಲ್ ಇರಬೇಕೆಂಬುದು ಅವನ ಆಸೆ. ರೇಣುಕಾ ಕೇಳಿದ್ದು ಒಂದೇ, ಮುಂದುಗಡೆ ಹೊಲಿಗೆ ಮಿಷಿನ್ನಿಗೊಂದು ಕೋಣೆ. ಮಿಷಿನ್ ಮನೆಯಲ್ಲಿದ್ದರೆ ಕತ್ತರಿಸಿದ ಬಟ್ಟೆಯನ್ನು ಮನೆಗೇ ತಂದು ಹೊಲಿಯಬಹುದು, ಸಾಕಾದಾಗ ಎದ್ದು ಅಡ್ಡಾಡಬಹುದು. ಇನ್ನೊಂದು ವರ್ಷ ಯೂನಿಟ್ಟಿನ ಆ ಸ್ಟೂಲಿನ ಮೇಲೆ ಕುಳಿತರೆ ತನ್ನನ್ನು ಯಾರಾದರೂ ಎತ್ತಿಕೊಂಡೇ ಬರಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಅವಳು ಹೇಳಿರಲೂ ಇಲ್ಲ.

ಮನೆ ಕಟ್ಟಿ ನೋಡು ಎಂದ ಹಿರಿಯರು ಮೊಬೈಲಿನಲ್ಲಿ ಕಟ್ಟುವುದನ್ನು ಕಂಡಿರಲಿಲ್ಲ, ಪುಣ್ಯವಂತರು. ಎಂಟನೇ ಕ್ಲಾಸಿನ ಸೌಂದರ್ಯ ಬ್ಲಾಕುಗಳನ್ನು ಜೋಡಿಸಿ ಕಟ್ಟುವ ಆಟದಲ್ಲಿ ವಾರದಿಂದ ಇದೇ ಮನೆಯನ್ನು ಕಟ್ಟಿ ಕೆಡವುತ್ತಿದ್ದಳು. ಆಟದ ಲೆಕ್ಕದಲ್ಲಿ ಒಂದು ಬ್ಲಾಕೆಂದರೆ ಒಂದು ಮೀಟರ್. ಹಾಗೆ ಕಟ್ಟಿದರೆ ಗೋಡೆಯೇ ಒಂದು ಮೀಟರ್ ದಪ್ಪ. ಸೈಟನ್ನೆಲ್ಲ ಗೋಡೆಗಳೇ ನುಂಗಿ ಒಳಗೆ ಕೋಳಿಗೂಡಿನಷ್ಟು ಜಾಗ ಉಳಿಯಿತು. ಕಡೆಗೆ ಅವಳಿಗೆ ಚಿದಾನಂದಪ್ಪ ತಾತನ ಕಡ್ಡಿ ನೆನಪಾಯಿತು.

ಸಿರಿಗೇರಿಯ ಚಿದಾನಂದಪ್ಪ ಆಯ ಹಾಕುವವನು, ಕಟ್ಟುವ ಮನೆಗೆ ಶುಭದ ಅಳತೆ ಗೊತ್ತುಮಾಡುವವನು. ಮನೆಯ ಅಳತೆ ಯಜಮಾನತಿಯ ಪಾದದ ಲೆಕ್ಕದಲ್ಲಿ ಬೆಸ ಬೀಳಬೇಕು, ಸರಿ ಬಿದ್ದರೆ ಆ ಮನೆ ಏಳಿಗೆಯಾಗದು ಎಂಬುದು ಅವನ ನಂಬಿಕೆ, ಅವನನ್ನು ಕರೆಸುವವರ ನಂಬಿಕೆಯೂ ಹೌದು. ಹಿಂದಿನ ವಾರ ಒಂದು ಸಂಜೆ ಬಂದವನು, ಕೆಲಸ ಮುಗಿಸಿ ಆಗತಾನೇ ಬಂದಿದ್ದ ರೇಣುಕಾಳನ್ನು ಬಾಗಿಲಲ್ಲೇ ನಿಲ್ಲಿಸಿ, ಅವಳ ಪಾದದುದ್ದಕ್ಕೆ ಬೇವಿನ ಕಡ್ಡಿಯೊಂದನ್ನು ಕತ್ತರಿಸಿದ್ದ. ಆ ಕಡ್ಡಿಯಿಂದ ಸೈಟು ಅಳೆದರೆ ಮೂವತ್ತೈದು ಪಾದ ಕೂಡುವುದು ಸ್ವಲ್ಪದರಲ್ಲಿ ತಪ್ಪಿತು. ಮೂವತ್ತನಾಲ್ಕು ಸರಿ ಸಂಖ್ಯೆ, ಬೇಡ. ಮನೆ ಮೂವತ್ತಮೂರಕ್ಕೆ ಇಳಿಯಿತು. ಮುಂದಿನ ಗೋಡೆ ಒಂಚೂರು ಹಿಂದೆ ಬರುತ್ತದೆ, ಅಷ್ಟೇ ಎಂದಿದ್ದರು ಗಂಡಸರು.

ಸೌಂದರ್ಯ ಬ್ಲಾಕಿಗೊಂದು ಪಾದ ಎಂದಿಟ್ಟುಕೊಂಡು ಕಟ್ಟಿದಾಗಲೇ ಆ ಒಂಚೂರು ಎಷ್ಟೆಂಬುದು ಕಣ್ಣಿಗೆ ಬಿದ್ದದ್ದು. ಮುಂಗೋಣೆಗೆ ಉಳಿದದ್ದು ನಾಲ್ಕು ಬ್ಲಾಕು. ಅದೇ ಕಡ್ಡಿಯ ಲೆಕ್ಕದಲ್ಲಿ ಮಿಷಿನ್ನಿನ ಟೇಬಲ್ಲೇ ಐದು. ಅಡ್ಡ ಇಟ್ಟರೆ ಬಾಗಿಲು ತೆರೆಯದು, ಉದ್ದ ಇಟ್ಟರೆ ಗೋಡೆ ಬಿಡದು. ಎರಡೇ ಬ್ಲಾಕು ಎತ್ತರದ ಆಟದ ಗೊಂಬೆ ಮಾತ್ರ ಆ ಮನೆಯಲ್ಲಿ ಇಲಿಮರಿಯ ಹಾಗೆ ಓಡಾಡಿಕೊಂಡಿತ್ತು. ನಾನೇನು ಇಷ್ಟೇ ಇದ್ದೀನಾ ಎಂದು ರೇಣುಕಾ ಕೇಳಿದ್ದಕ್ಕೆ, ಗೊಂಬೆ ನೋಡಬೇಡ, ಜಾಗ ನೋಡು ಎಂದಳು ಮಗಳು.

ರಾಮಾಂಜಿನಿ ಬಂದಾಗ ವಿಷಯ ಅವನ ಮುಂದೆ ಹೋಯಿತು. ಮಿಷಿನ್ನನ್ನು ಹಾಲಿನ ಮೂಲೆಗೆ ಹಾಕಿದರಾಯಿತು ಎಂದ. ಬಂದುಹೋಗುವವರ ಕಾಲಡಿಯಲ್ಲಿ ಬಟ್ಟೆ ಹರಡಿಕೊಂಡು ಹೊಲಿಯುವುದು ಹೇಗೆ, ಹಾಲನ್ನೇ ಒಂದಿಷ್ಟು ಸಣ್ಣದು ಮಾಡಬಾರದೇ ಎಂದು ಅವಳು ಕೇಳಿದಳು. ನಾಳೆ ಪಾಯದ ಗುರುತಿಗೆ ದಾರ ಕಟ್ಟಲು ತಾತ ಬರುತ್ತಾನೆ, ಈಗ ಹೊಸ ತಕರಾರು ತೆಗೆಯಬೇಡ ಎಂದು ಅವನು ಊಟಕ್ಕೆ ಕುಳಿತ. ಜಗಳ ಆಡುವಷ್ಟು ಶಕ್ತಿ ಅವಳಲ್ಲಿರಲಿಲ್ಲ. ಕೋಣೆಯ ಆಸೆಗೆ ಎಳ್ಳುನೀರು ಬಿಟ್ಟು ಮಲಗಿದಳು.

ಭಾನುವಾರ ಮುಂಜಾನೆ ಕಣ್ಣು ಬಿಟ್ಟರೆ ಮಗಳು ಕಾಲಬುಡದಲ್ಲಿ ಸ್ಕೇಲು ಹಿಡಿದು ಕುಳಿತಿದ್ದಳು. ಒಂದು ಬ್ಲಾಕಿಗೆ ನಿಜವಾಗಿ ಎಷ್ಟು ಸೆಂಟಿಮೀಟರ್ ಎಂದು ಗೊತ್ತಾದರೆ ಮಂಚ, ಬೀರು, ಎಲ್ಲವೂ ಲೆಕ್ಕಕ್ಕೆ ಸಿಗುತ್ತವಂತೆ. ಪಾದ ಅಳೆದಳು, ಬಾಗಿಲ ಹಿಂದಿನ ಬೇವಿನ ಕಡ್ಡಿ ತಂದು ಅದನ್ನೂ ಅಳೆದಳು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಅಳೆದಳು.

“ಕಡ್ಡಿ ಉದ್ದ ಐತವ್ವ. ನಿನ್ನ ಕಾಲು ಅಷ್ಟಿಲ್ಲ.”

ರೇಣುಕಾ ತನ್ನ ಪಾದಗಳನ್ನೇ ನೋಡುತ್ತ ಕುಳಿತಳು. ಸಂಜೆಗೆ ಪೂರಿಯಂತೆ ಉಬ್ಬುವ ಕಾಲುಗಳು, ಬೆಳಗಾಗುವುದರೊಳಗೆ ಇಳಿದಿರುತ್ತಿದ್ದವು. ಇಷ್ಟು ವರ್ಷ ಅದೊಂದು ಸಂಗತಿ ಅನ್ನಿಸಿಯೇ ಇರಲಿಲ್ಲ. ತಾತ ಕಡ್ಡಿ ಕತ್ತರಿಸಿದ್ದು ಆ ಸಂಜೆಯ ಕಾಲಿಗೆ ಎಂದು ಈಗ ಹೊಳೆದಾಗ ಸಿಟ್ಟು ಬಂತು. ಕುರುಗೋಡಿಗೆ ತಾನೂ ಬರುವುದಾಗಿ ಗಂಡನಿಗೆ ಹೇಳಿ, ಮಗಳನ್ನೂ ಕರೆದುಕೊಂಡು ಆಟೋ ಹತ್ತಿದಳು.

ಗುಡ್ಡದ ಕಡೆಯಿಂದ ಎಳೆಬಿಸಿಲು ಇಳಿಯುತ್ತಿತ್ತು. ಚಿದಾನಂದಪ್ಪ ಗೂಟ ಬಡಿಸಿ, ದಾರದ ಉಂಡೆ ಬಿಚ್ಚುತ್ತಿದ್ದ. ತನ್ನ ಪಾದ ಇನ್ನೊಮ್ಮೆ ಅಳೆಯಬೇಕು ಎಂದು ರೇಣುಕಾ ಕೇಳಿದಾಗ ರಾಮಾಂಜಿನಿ ಕಣ್ಣಲ್ಲೇ ಗದರಿದ. ಮುದುಕ ಸಿಟ್ಟಾಗಲಿಲ್ಲ. ಮೊಣಕಾಲೂರಿ ಅವಳ ಪಾದದ ಪಕ್ಕ ಕಡ್ಡಿ ಇಟ್ಟು, ಹೆಬ್ಬೆರಳಿನ ಮುಂದೆ ಉಳಿದ ತುದಿಯನ್ನು ಉಗುರಿನಿಂದ ಮುಟ್ಟಿ ನೋಡಿದ.

“ಖರೇ ಐತಿ,” ಎಂದ. “ಆದ್ರ ಯಾವ ಕಾಲು ಹಿಡಿಯಾಣವ್ವ? ನೀ ದಿನಾ ಮನಿಗೆ ಬರಾದು ಸಂಜಿ ಕಾಲಿಲೆ ಅಲ್ಲೇನು?”

ರಾಮಾಂಜಿನಿ ನಕ್ಕ. ಮಾತು ನ್ಯಾಯವಾಗಿಯೇ ಇತ್ತು, ಅದಕ್ಕೇ ಅವಳಿಗೆ ಅಳು ಬಂತು.

“ಆ ಕಾಲಿಲೆ ಬರಬಾರ್ದಂತನ ನಾ ಕೋಣಿ ಕೇಳಿದ್ದು, ತಾತ. ಬಾತಿದ್ದು ನನ್ನ ಕಾಲಲ್ರಿ, ಯೂನಿಟ್ಟಿನ ಕಾಲು. ಅದನ್ನ ಅಳದು ನನಗ ಮನಿ ಕಟ್ಟಬ್ಯಾಡ್ರಿ.”

ರಾಮಾಂಜಿನಿಯ ನಗು ನಿಂತಿತ್ತು. ಅವನು ಹೆಂಡತಿಯ ಪಾದಗಳನ್ನು ನೋಡಿದ, ನೋಡಿ ಬೇರೆ ಕಡೆ ಮುಖ ತಿರುಗಿಸಿದ. ಚಿದಾನಂದಪ್ಪ ಸೊಂಟದ ಚೀಲದಿಂದ ಚಾಕು ತೆಗೆದು ಕಡ್ಡಿಯ ತುದಿ ಕೆತ್ತಿ, ಮತ್ತೆ ಪಾದಕ್ಕೆ ಹಿಡಿದು, ಇನ್ನೊಂದಿಷ್ಟು ಕೆತ್ತಿದ. ಆಮೇಲೆ ಸೈಟಿನ ಹಿಂದಿನ ಗಡಿಯಿಂದ ಬಾಗಿ ಬಾಗಿ ಅಳೆಯುತ್ತ ಬಂದ. ಮೂವತ್ತೈದು ಕೂಡಿತು. ಮುಂದಿನ ಗೂಟಗಳನ್ನು ಕಿತ್ತು ರಸ್ತೆಯ ಕಡೆ ಸರಿಸಿ ಬಡಿದರು. ಸೌಂದರ್ಯ ಅಲ್ಲೇ ನಿಂತು ಮೊಬೈಲಿನಲ್ಲೂ ಗೋಡೆ ಒಡೆದು ಎರಡು ಸಾಲು ಮುಂದೆ ಹಾಕಿದಳು, ಮುಂಗೋಣೆ ಆರು ಬ್ಲಾಕಾಯಿತು.

ದಾರ ಕಟ್ಟಿ ಮುಗಿದ ಮೇಲೆ ರೇಣುಕಾ ಮುಂಗೋಣೆಯ ದಾರದೊಳಗೆ ಹೋಗಿ, ಬರಿ ಮಣ್ಣಿನ ಮೇಲೆ ಕುಳಿತು ಎರಡೂ ಕಾಲು ಚಾಚಿದಳು. ರಾಮಾಂಜಿನಿ ಆಟೋ ಸ್ಟಾರ್ಟ್ ಮಾಡಿ, ಹೊತ್ತಾಯಿತು ಎಂದು ಕರೆದ. ಅವಳು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಆಟೋ ಆಫ್ ಮಾಡಿದ.